ಬಾರದ ಟಿವಿಗೆ ಬಳಿದ ಗೋಡೆ

ಗಾಳಿಸುದ್ದಿ ಎಂದರೆ ನನಗಾಗದು ಎಂದು ಬರೆದರೆ ನಮ್ಮ ಓಣಿಯವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆದ್ದರಿಂದ ಹಾಗೆ ಬರೆಯುವುದಿಲ್ಲ. ಅಫಜಲಪುರದ ನಮ್ಮ ಮನೆಯ ಪಡಸಾಲೆಯಲ್ಲಿ, ಓಣಿಯ ಕಡೆಯ ಕಿಟಕಿಗೆ ಹತ್ತಿಕೊಂಡು ನನ್ನ ಹಗ್ಗದ ಹೊರಸು. ನಲವತ್ತು ವರ್ಷ ಅದರ ಮೇಲೆ ಕೂತು, ಯಾರ ಮನೆಗೆ ಬೀಗರು ಬಂದರು, ಯಾರ ಸೊಸೆ ಎರಡು ದಿನಕ್ಕೆಂದು ತವರಿಗೆ ಹೊರಟವಳು ನಾಲ್ಕು ಬ್ಯಾಗು ಒಯ್ದಳು, ಎಲ್ಲ ನೋಡಿದ್ದೇನೆ. ನೋಡಿದ್ದನ್ನು ನಾಲ್ಕು ಮಂದಿಗೆ ಹೇಳಿದ್ದೇನೆ. ನೋಡದೇ ಇದ್ದದ್ದನ್ನೂ ಒಂದಿಷ್ಟು ಹೇಳಿದ್ದೇನೆ. ಆದರೆ ನನ್ನ ಸುದ್ದಿಗೆ ಒಂದು ಮರ್ಯಾದೆ ಇತ್ತು. ಎಂಟು ದಿನದಲ್ಲಿ ಖರೆಯೋ ಸುಳ್ಳೋ ತಿಳಿದುಬಿಡುತ್ತಿತ್ತು. ನಿಶ್ಚಯ ಮುರಿಯಿತು ಎಂದು ನಾನು ಹೇಳಿದ್ದರೆ ಮುರಿದಿರುತ್ತಿತ್ತು, ಇಲ್ಲವೆಂದರೆ ಲಗ್ನಪತ್ರಿಕೆಯೇ ಬಂದು ನನ್ನ ಬಾಯಿ ಮುಚ್ಚಿಸುತ್ತಿತ್ತು. ಭೀಮಾ ನದಿಗೆ ಮೇಲಿನಿಂದ ನೀರು ಬಿಟ್ಟಿದ್ದಾರಂತೆ ಎಂಬ ಸುದ್ದಿಯೂ ಹಾಗೆಯೇ. ಎರಡು ದಿನ ಕಾದರೆ ಸೊನ್ನದ ಬ್ಯಾರೇಜಿಗೆ ಹೋದ ಯಾರಾದರೂ ಕಣ್ಣಾರೆ ನೋಡಿ ಬಂದು ಹೇಳುತ್ತಾರೆ. ಈಗಿನವರ ಯಂತ್ರದ ಸುದ್ದಿ ಹಾಗಲ್ಲ. ಯಂತ್ರ ಇನ್ನೂ ಹುಟ್ಟಿರುವುದಿಲ್ಲ. ಅದರ ಬಣ್ಣ ಗೊತ್ತು, ತೂಕ ಗೊತ್ತು, ಹಳೆಯದಾಗಿ ಮೂಲೆಗೆ ಬೀಳುವುದು ಯಾವಾಗ ಎಂಬುದೂ ಗೊತ್ತು. ಬರುವುದು ಯಾವಾಗ ಎಂಬುದೊಂದು ಬಿಟ್ಟು.

ನನ್ನ ಮಗ ಗುರುಪಾದ ಸಾಲಿ ಮಾಸ್ತರ, ಗಣಿತ ಕಲಿಸುತ್ತಾನೆ. ಉತ್ತರ ಸರಿ ಇದ್ದರೂ ಲೆಕ್ಕ ಬಿಡಿಸಿ ತೋರಿಸದಿದ್ದರೆ ಮಕ್ಕಳಿಗೆ ಸೊನ್ನೆ ಕೊಡುವ ಮನುಷ್ಯ. ಅಂಥವನು ತನ್ನ ಮೊಬೈಲು ಹೇಳಿದ್ದನ್ನು ಮಾತ್ರ ಕಣ್ಣುಮುಚ್ಚಿ ನಂಬುತ್ತಾನೆ. ಹೋದ ವರ್ಷ ನಮ್ಮ ಟಿವಿಯ ನಡುಮಧ್ಯೆ ಒಂದು ಕೆಂಪು ಗೆರೆ ಮೂಡಿತು. ಧಾರಾವಾಹಿಯ ಹೆಂಗಸರೆಲ್ಲ ಹಣೆಯಿಂದ ಹೊಟ್ಟೆಯವರೆಗೆ ಕುಂಕುಮ ಎಳೆದುಕೊಂಡಂತೆ ಕಾಣತೊಡಗಿದರು. ರಿಪೇರಿ ಮಾಡಿಸು ಎಂದೆ.

"ಇದನ್ನ ರಿಪೇರಿ ಮಾಡ್ಸೋದು ದಂಡ ಯವ್ವಾ. ಹೊಸಾದು ಬರಾಕತ್ತದ. ಅದು ಬರೇ ಟಿವಿ ಅಲ್ಲ, ಮನ್ಯಾಗ ಇಡೋ ಕಂಪ್ಯೂಟರ್. ಟಿವಿನೂ ಅದೇ, ರೇಡಿಯೋನೂ ಅದೇ, ಫೋನೂ ಅದೇ. ಗ್ವಾಡಿ ತುಂಬ ಚಿತ್ರ ಬಿಡ್ತದ. ರಿಮೋಟ್ ಸುದ್ದಾ ಬ್ಯಾಡ, ಬಾಯಿಲೆ ಹೇಳಿದ್ರ ಆತು."

"ಹೇಳಿದ್ದು ಕೇಳ್ತದೇನು?"

"ಕೇಳ್ತದ."

"ಹಂಗಾರ ಜಲ್ದಿ ತರ್ಸಪಾ. ಈ ಮನ್ಯಾಗ ಒಂದರ ಹೇಳಿದ್ ಕೇಳ್ಲಿ."

ಈ ಸುದ್ದಿಯ ಮೂಲ ಜೇವರ್ಗಿಯಲ್ಲಿದೆ. ನನ್ನ ಸೊಸೆ ಸುಜಾತಾಳ ತಮ್ಮ ಮಲ್ಲು ಅಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಅಂಗಡಿಯಲ್ಲಿ ಮಾರಾಟಕ್ಕಿರುವುದು ಚಾರ್ಜರು ಮತ್ತು ಮೊಬೈಲಿನ ಕವರು. ಜಗತ್ತಿನ ಯಾವ ಕಂಪನಿ ಏನು ಬಚ್ಚಿಟ್ಟಿದೆ ಎಂಬ ಸುದ್ದಿ ಪುಕ್ಕಟೆ. "ಲೀಕ್ ಆಗ್ಯಾದ ಮಾವಾ" ಎಂದು ಅವನು ಫೋನು ಮಾಡಿದರೆ ನನ್ನ ಮಗ ಊಟದ ತಾಟು ಬಿಟ್ಟು ಏಳುತ್ತಾನೆ. ನಮ್ಮ ಮಾಳಿಗೆ ಎರಡು ಮಳೆಗಾಲ ಸೋರಿತು. ಆಗ ಅವನು ಎದ್ದದ್ದು ನಾನು ಕಾಣೆ.

ಯಂತ್ರಕ್ಕೆ ಬೇಕಾದದ್ದು ಒಂದು ಬೋಳು ಗೋಡೆ ಎಂದು ಮಲ್ಲು ಹೇಳಿದ. ಮನೆಯಲ್ಲಿ ಅಂಥ ಅಗಲ ಗೋಡೆ ಒಂದೇ. ನನ್ನ ಹೊರಸು ಆನಿಕೊಂಡದ್ದು. ಗೌಂಡಿ ಬಂದ. ನನ್ನ ಎಲೆ ಅಡಿಕೆಯ ಚಂಚಿ, ಕನ್ನಡಕ, ನೋವಿನ ಎಣ್ಣೆ ಇಡುತ್ತಿದ್ದ ಗೂಡನ್ನು ಸಿಮೆಂಟು ಮೆತ್ತಿ ಮುಚ್ಚಿದ. ಗೂಟ ಕಿತ್ತ. ಕ್ಯಾಲೆಂಡರು ಇಳಿಯಿತು. ನನ್ನ ಗಂಡನ ಫೋಟೋ ಇಳಿದು ಕಪಾಟಿನ ಮೇಲೆ ಅಂಗಾತ ಮಲಗಿತು. ಇದ್ದಾಗ ನನ್ನ ಕಡೆ ತಿರುಗಿ ನೋಡಿದವನಲ್ಲ, ಈಗ ಫ್ಯಾನು ನೋಡುತ್ತಿದ್ದಾನೆ, ನನಗೇನೂ ನಷ್ಟವಿಲ್ಲ. ಗೋಡೆಗೆ ಹಾಲಿನಂಥ ಬಿಳಿ ಬಣ್ಣ ಬಳಿದರು. ಅದಕ್ಕೆ ಯಾರೂ ಒರಗಬಾರದು, ತಲೆಯ ಎಣ್ಣೆ ಹತ್ತುತ್ತದೆ. ಮೊಳೆ ಹೊಡೆಯಬಾರದು. ಬೆಳಕು ಬಿದ್ದರೆ ಚಿತ್ರ ಮಂಕಾಗುತ್ತದೆ ಎಂದು ಕಿಟಕಿಯನ್ನೂ ಮುಚ್ಚಿ ಪರದೆ ಹಾಕಿದರು. ಚಿತ್ರ ಬರುವ ಮೊದಲೇ ಬೆಳಕು ಹೋಯಿತು.

ನನ್ನ ಹೊರಸು ಹಿತ್ತಲ ಬಾಗಿಲಿಗೆ, ನೀರಿನ ಡ್ರಮ್ಮಿನ ಪಕ್ಕಕ್ಕೆ ಹೋಯಿತು. ಅಲ್ಲಿ ಕೂತರೆ ಕಾಣುವುದು ಡ್ರಮ್ಮು, ಅದರಾಚೆ ಪಕ್ಕದ ಮನೆಯ ಎಮ್ಮೆಯ ಬೆನ್ನು. ಎಮ್ಮೆಯ ಬಗ್ಗೆ ಎಷ್ಟಂತ ಸುದ್ದಿ ಹೇಳಬಹುದು? ಅದರ ನಡತೆ ಚೆನ್ನಾಗಿಯೇ ಇತ್ತು. ಇತ್ತ ಓಣಿಯಲ್ಲಿ ನನ್ನ ಸ್ಥಾನ ಹೊರಟೇಹೋಯಿತು. ಎದುರು ಮನೆಯ ಹುಡುಗಿಗೆ ವರ ನಿಶ್ಚಯವಾದದ್ದು ನನಗೆ ಗೊತ್ತಾದದ್ದು ಮೂರು ದಿನದ ಮೇಲೆ, ಅದೂ ಮಜ್ಜಿಗೆ ಮಾರುವವಳ ಬಾಯಿಂದ. "ನಿಮಗ ಗೊತ್ತಿಲ್ಲೇನು ಆಯಿ?" ಎಂದು ಆಕೆ ಕೇಳಿದಳಲ್ಲ, ಆ ಮಾತು ನನಗೆ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನ ಹಾಗೆ. ನಾನು ಮೀನು ತಿನ್ನುವವಳಲ್ಲ, ಆದರೂ ಗೊತ್ತಾಯಿತು. ಹೊರಸು ಕಿಟಕಿಗೆ ವಾಪಸು ಹೋಗದಿದ್ದರೆ ನಾನು ಬದುಕಿದ್ದೂ ಈ ಓಣಿಗೆ ಲೆಕ್ಕಕ್ಕಿಲ್ಲ.

ಜನ ಗೋಡೆ ನೋಡಲು ಬರತೊಡಗಿದರು. ಎಡಬದಿಯ ಮನೆಯ ಶಾಂತಾಬಾಯಿ ಬಂದು ಗೋಡೆಯ ಎದುರು ಕೂತಳು, ಚಹಾ ಕುಡಿದಳು, ಅರ್ಧ ತಾಸು ಆ ಬಿಳಿ ಗೋಡೆಯನ್ನೇ ನೋಡಿದಳು. ಹೋಗುವಾಗ "ಭಾಳ ಛಲೋ ಅದ ರೀ, ದೊಡ್ಡದದ" ಎಂದಳು. ನನ್ನ ಮಗನಿಗೆ ಅವತ್ತು ಎದೆ ಒಂದು ಗೇಣು ಉಬ್ಬಿತ್ತು. ನಾಗರ ಪಂಚಮಿಗೆ ಬರುತ್ತದೆ ಎಂದ. ಬರಲಿಲ್ಲ. ದಸರೆಗೆ ಎಂದ. ದೀಪಾವಳಿಗೆ ಅಂತೂ ಪಕ್ಕಾ ಎಂದ. ಎಳ್ಳಮವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋಗಿ ಭಜ್ಜಿ, ಸಜ್ಜಿ ರೊಟ್ಟಿ ತಿಂದು ಬಂದೆವು; ಮನೆಯಲ್ಲಿ ಗೋಡೆ ಹಾಗೇ ಬೆಳ್ಳಗೆ ನಿಂತಿತ್ತು. ತಡ ಯಾಕೆ ಎಂದರೆ, ಇನ್ನೂ ಸುಧಾರಿಸುತ್ತಿದ್ದಾರಂತೆ. ಹಳೆಯ ಟಿವಿಯಲ್ಲಿ ಕೆಂಪು ಗೆರೆಗಳು ಎರಡಾಗಿದ್ದವು.

ಬಡಿದಾಡಿ ಪ್ರಯೋಜನವಿಲ್ಲ ಎಂದು ನನಗೆ ತಿಳಿಯಿತು. ನನ್ನ ಮಗ ತಾಯಿಯ ಮಾತು ಕೇಳುವುದಿಲ್ಲ, ಸುದ್ದಿಯ ಮಾತು ಕೇಳುತ್ತಾನೆ. ಸುದ್ದಿ ಮಾಡುವುದು ನನಗೇನು ಹೊಸದೇ? ನನ್ನ ಹೊರಸು ಮೊದಲಿದ್ದ ಜಾಗದ ನೆತ್ತಿಗೇ, ಮಾಳಿಗೆಯ ತೊಲೆಯಲ್ಲಿ ಒಂದು ಹಳೆಯ ಕೊಂಡಿ ಇತ್ತು. ಆಳಂದದಲ್ಲಿರುವ ನನ್ನ ತಂಗಿ ನಾಗಮ್ಮನಿಗೆ ಫೋನು ಹಚ್ಚಿದೆ.

"ನಾಗೀ, ಗ್ವಾಡಿ ಮ್ಯಾಲಿನ ಟಿವಿ ಕಥಿ ಮುಗೀತಂತ ಬೇ. ಇನ್ನೊಂದು ಬರಾಕತ್ತದಂತ. ಮಾಳಗಿ ಕೊಂಡಿಗಿ ಜೋತು ಬೀಳ್ತದಂತ. ಗ್ವಾಡಿ ಬೇಕಾಗಿಲ್ಲ. ಕಿಟಕಿ ಮಾತ್ರ ತೆಗೆದಿರಬೇಕಂತ, ಅದಕ್ಕ ಗಾಳಿ ಬೇಕಂತ."

"ಖರೇನಽ ಯಕ್ಕಾ? ಯಾರ್ ಹೇಳಿದ್ರು?"

"ಅದೆಲ್ಲ ಕೇಳಬ್ಯಾಡ. ಯಾರ ಮುಂದೂ ಹೇಳಾಕ ಹೋಗಬ್ಯಾಡ ಮತ್ತ."

ನಾಗಮ್ಮನಿಗೆ ಹೇಳು ಎಂದರೆ ಮರೆಯುತ್ತಾಳೆ. ಹೇಳಬೇಡ ಎಂದರೆ ಸಂಜೆಯೊಳಗೆ ಆಳಂದ ಪೂರ್ತಿ ಮುಟ್ಟಿಸುತ್ತಾಳೆ. ಅವಳ ಪಕ್ಕದ ಮನೆಯ ಮಗಳನ್ನು ಇಜೇರಿಗೆ ಕೊಟ್ಟಿದ್ದಾರೆ. ಇಜೇರಿಯವರು ಸಂತೆಗೆ ಜೇವರ್ಗಿಗೆ ಹೋಗುತ್ತಾರೆ. ಜೇವರ್ಗಿಯಲ್ಲಿ ಮಲ್ಲುವಿನ ಅಂಗಡಿ ಬಸ್‌ಸ್ಟ್ಯಾಂಡಿಗೆ ಹತ್ತಿಕೊಂಡೇ ಇದೆ. ಹತ್ತನೆಯ ದಿನ ಮಲ್ಲುವಿನ ಫೋನು ಬಂತು. ಮಗ ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದ.

"ಮಾವಾ, ಗ್ವಾಡಿ ಕೆಲಸ ದಂಡ ಆತು ನೋಡ್ರಿ. ಗ್ವಾಡಿ ಸಿಸ್ಟಮ್ ಖತಂ! ಈಗ ಮ್ಯಾಲಿಂದ ಇಳಿಯೋದು ಬರಾಕತ್ತದ. ಬೂದಿ ಬಣ್ಣ, ತೆಂಗಿನಕಾಯಿಯಷ್ಟು ಅದ ರೀ. ಕೊಂಡಿ ಗಟ್ಟಿ ಇರಬೇಕು, ಕಿಟಕಿ ತೆಗೆದಿಡ್ರಿ. ಮತ್ತ ಇನ್ನೊಂದು, ಮನ್ಯಾಗಿನ ಹಿರೇರ ದನಿ ಮೊದಲ ಗುರ್ತು ಹಿಡೀತದಂತ. ಪಕ್ಕಾ ಖಬರ್!"

ಮರುದಿನ ಮಗನೇ ಪರದೆ ಕಿತ್ತ, ಕಿಟಕಿ ತೆಗೆದ. ಹಿರಿಯರ ದನಿ ಕೊಂಡಿಯ ಕೆಳಗೇ ಇರಲಿ ಎಂದು ನನ್ನ ಹೊರಸು ತಾನೇ ಹೊತ್ತು ತಂದ. ನಾನು ಬೇಡ ಬೇಡ ಎನ್ನುತ್ತ ಕೂತೆ. ಅದೇ ದಿನ ಓಣಿಯಲ್ಲಿ ಎರಡು ಸಂಗತಿ ನೋಡಿದೆ, ಮೂರು ಹೇಳಿದೆ.

ಸೊಸೆ ಮಾತ್ರ ರೊಟ್ಟಿ ಬಡಿಯುತ್ತ ನನ್ನನ್ನು ಓರೆಗಣ್ಣಿನಿಂದ ನೋಡುತ್ತಿದ್ದಳು.

"ಅತ್ತಿ, ಮನ್ನೆ ಆಳಂದಕ್ಕ ಫೋನ್ ಹಚ್ಚಿದ್ರಿ ಅಲ್ರೀ?"

"ತಬ್ಯೇತ್ ಹ್ಯಾಂಗದ ಅಂತ ಕೇಳಾಕ ಹಚ್ಚಿದ್ನಿ."

"ಯಾರ ತಬ್ಯೇತ್ ರೀ, ಕೊಂಡಿದಾ?"

ನಾನು ಚಂಚಿ ಹುಡುಕುವ ಕೆಲಸ ಹಚ್ಚಿಕೊಂಡೆ. ಅವಳು ಗಂಡನಿಗೆ ಹೇಳಲಿಲ್ಲ. ಆ ಬಿಳಿ ಗೋಡೆಯ ಧೂಳು ದಿನಕ್ಕೆರಡು ಸಲ ಒರೆಸಿ ಅವಳ ತೋಳುಗಳೂ ಸೋತಿದ್ದವು.

ಇಲ್ಲಿಗೆ ನಾನು ಬರೆಯುವುದನ್ನು ನಿಲ್ಲಿಸಿದ್ದರೆ ಶಾಣ್ಯಾ ಮುದುಕಿ ಅನ್ನಿಸಿಕೊಳ್ಳುತ್ತಿದ್ದೆ. ಆದರೆ ಹೊರಸಿನ ಮೇಲೆ ಕೂತವಳಿಗೆ ಒಂದು ಯೋಚನೆ ಹತ್ತಿತು. ಕೊಂಡಿಯ ಮಾತು ನಾನು ಹೇಳಿದ್ದು, ನಿಜ. ಕಿಟಕಿಯ ಮಾತೂ ನನ್ನದೇ. ಆದರೆ ಬೂದಿ ಬಣ್ಣ ನಾನು ಹೇಳಿರಲಿಲ್ಲ. ತೆಂಗಿನಕಾಯಿ ಗಾತ್ರ ನಾನು ಹೇಳಿರಲಿಲ್ಲ. ಹಿರಿಯರ ದನಿಯ ಸಂಗತಿಯಂತೂ ನನಗೆ ಹೊಳೆದೂ ಇರಲಿಲ್ಲ. ನಾನು ಹೇಳದೇ ಇದ್ದದ್ದು ಎಲ್ಲಿಂದ ಬಂತು? ಯಾರೋ ಒಬ್ಬರು ನೋಡಿರಲೇಬೇಕಲ್ಲ!

ಮೊನ್ನೆ ಸುಜಾತಾ ಸ್ಟೂಲು ಹತ್ತಿ ಬೆಳ್ಳುಳ್ಳಿ ಗೊಂಚಲನ್ನು ನನ್ನ ನೆತ್ತಿಯ ಮೇಲಿನ ಕೊಂಡಿಗೆ ಕಟ್ಟಲು ಹೋದಳು. ಪ್ರತಿ ವರ್ಷ ಅಲ್ಲೇ ಕಟ್ಟುವುದು.

"ಅಲ್ಲಿ ಬ್ಯಾಡ ಬೇ" ಎಂದೆ.

"ಯಾಕ್ರೀ ಅತ್ತಿ?"

"ಕೊಂಡಿ ಖಾಲಿ ಇರ್ಲಿ."

ಅವಳು ಸ್ಟೂಲಿನ ಮೇಲೆಯೇ ನಿಂತು ನನ್ನನ್ನು ನೋಡಿದಳು. "ಅದನ್ನ ಹುಟ್ಟಿಸಿದವ್ರು ನೀವಽ ಅಲ್ರೀ!"

"ಹುಟ್ಟಿಸಿದ್ದು ನಾನೇ. ಬೆಳೆದದ್ದು ಜೇವರ್ಗ್ಯಾಗ. ನಾಳಿಗಿ ಬಂದೇ ಬಿಟ್ರ?"

ಅವಳಿಗೆ ನಗು ನಿಲ್ಲಿಸಲು ಬಹಳ ಹೊತ್ತು ಹಿಡಿಯಿತು. ಬೆಳ್ಳುಳ್ಳಿ ಈಗ ಆ ಹಾಲಿನಂಥ ಬಿಳಿ ಗೋಡೆಯ ನಟ್ಟನಡುವೆ, ಮೊಳೆ ಹೊಡೆದು ತೂಗುಹಾಕಿದೆ. ಮೊಳೆ ಹೊಡೆದವಳು ನಾನೇ.