ಗಾಲಿಯ ಮೇಲಿನ ಮನೆಗೆ ಬಿಸಿನೀರು

ಗಾಲಿಯ ಮೇಲೆ ಮನೆ ಕಟ್ಟಿಕೊಂಡವನು ಫಜೀತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ದಾರಿ ಕೇಳಿಕೊಂಡು ಬರುತ್ತವೆ.

ನಾನು ಇಂಡಿ ಪಟ್ಟಣದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಊರೂರು ಸುತ್ತಿ ಬಯಲಲ್ಲಿ ತಂಗಬೇಕೆಂಬ ಹುಚ್ಚು ಮೊದಲಿನಿಂದಲೂ ಇತ್ತು. ಝಳಕಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿ ಎರಡು ಗಾಲಿಯ ಮೇಲೆ ಒಂದು ಪುಟ್ಟ ಖೋಲಿ ಕಟ್ಟಿಕೊಟ್ಟ. ಜೀಪಿನ ಹಿಂದೆ ಸಿಕ್ಕಿಸಿ ಎಳೆಯುವುದು. ಒಳಗೆ ಮೂರು ಹಾಸಿಗೆ, ಅಡುಗೆ ಕಟ್ಟೆ, ಬಚ್ಚಲು, ಪಾಯಖಾನೆ. ಮೇಲೆ ನೀರಿನ ಟಾಕಿ. ಹೊರಗೋಡೆಗೆ ಒಂದು ಗ್ಯಾಸ್ ಗೀಸರ್.

ಗೀಸರ್ ನನ್ನ ಹೆಂಡತಿಯ ಷರತ್ತು. "ನನಗ ಮುಂಜಾನೆ ಬಿಸಿನೀರಿನ ಸ್ನಾನ ಬೇಕು. ಅತ್ತಿಯವರು ಸ್ನಾನ ಆಗೋತನಕ ಒಂದು ಗುಟುಕು ಚಹಾನೂ ಮುಟ್ಟೂದಿಲ್ಲ. ಬಿಸಿನೀರು ಮೂರು ಸಲ ತಪ್ಪಿತು ಅಂದ್ರ ನಿಮ್ಮ ಗಾಡಿ ಹಿತ್ತಲದಾಗ ಎಮ್ಮಿ ಹೊಟ್ಟು ತುಂಬೂ ಮನಿ ಆಗ್ತದ, ನೋಡ್ರಿ" ಅಂದಳು.

ಮೂವತ್ತು ವರ್ಷ ಮಕ್ಕಳಿಗೆ ಉಷ್ಣದ ಪಾಠ ಹೇಳಿದವನಿಗೆ ಎರಡು ಬಕೆಟ್ ನೀರು ಕಾಸುವುದೇನು ಮಹಾ! ಒಪ್ಪಿಬಿಟ್ಟೆ.

೧. ಅಗರಖೇಡದಲ್ಲಿ ಭಜನೆ

ಮೊದಲ ಮುಕ್ಕಾಮು ಅಗರಖೇಡದ ಹತ್ತಿರ, ಪರಿಚಯದ ರೈತರೊಬ್ಬರ ಕಬ್ಬಿನ ಹೊಲದ ಬೇವಿನ ಗಿಡದ ಕೆಳಗೆ. ಮುಂಜಾನೆ ಎದ್ದು ನಳ ತಿರುವಿದೆ. ನೀರು ಬಂತು, ಬೆಂಕಿ ಬರಲಿಲ್ಲ. ಸಿಲಿಂಡರ್ ನೋಡಿದೆ, ತುಂಬಿತ್ತು. ಪೈಪು ಬಿಚ್ಚಿದೆ, ಊದಿದೆ, ಮತ್ತೆ ಜೋಡಿಸಿದೆ. ಗೀಸರಿನ ಮೇಲಿನ ಮುಚ್ಚಳವನ್ನೂ ಬಿಚ್ಚಿ ಸ್ಕ್ರೂಗಳನ್ನೆಲ್ಲ ಪಂಚೆಯ ಮೇಲೆ ಸಾಲಾಗಿ ಇಟ್ಟುಕೊಂಡೆ. ಒಂದೂವರೆ ತಾಸು ಹೋಯಿತು. ಅಷ್ಟು ಹೊತ್ತೂ ಅವ್ವ ಒಳಗೆ ರೇಡಿಯೋ ಹಚ್ಚಿಕೊಂಡು ಭಜನೆ ಕೇಳುತ್ತ, ತಲೆದೂಗುತ್ತ ಕೂತಿದ್ದಳು.

"ಅವ್ವಾ, ನಿನ್ನೆ ರೇಡಿಯೋದ ಸೆಲ್ ಮುಗದಾವ ಅಂತಿದ್ದಿ?" ಅಂದೆ.

"ಮುಗದಿದ್ವು. ನಿನ್ನ ಆ ಡಬ್ಬಿ ಬುಡಕ ಎರಡು ಸೆಲ್ ಸುಮ್ನ ಕೂತಿದ್ವು. ತಗೊಂಡೆ" ಅಂದಳು. ಕಿಡಿ ಹಾರಬೇಕಾದದ್ದೇ ಆ ಸೆಲ್ಲಿನಿಂದ ಎಂದು ವಿವರಿಸಿದೆ.

"ಹಂಗಾದ್ರ ಭಜನಿ ಮುಗೀಲಿ, ಕೊಡ್ತೇನಿ" ಅಂದಳು ಅವ್ವ.

ಹೆಂಡತಿ ತಣ್ಣೀರು ಸುರಿದುಕೊಂಡು ಹಲ್ಲು ಕಟಕಟಿಸುತ್ತ ಹೊರಗೆ ಬಂದು ಒಂದೇ ಬೆರಳು ತೋರಿಸಿದಳು.

೨. ಸಿಂದಗಿಯಲ್ಲಿ ಅನ್ನದಾನಕ್ಕಿಂತ ದೊಡ್ಡ ದಾನ

ಸಿಂದಗಿಯಲ್ಲಿ ಮಾರುಕಟ್ಟೆಯ ಹತ್ತಿರದ ಒಂದು ಬಯಲಲ್ಲಿ ಗಾಡಿ ನಿಲ್ಲಿಸಿದ್ದೆವು. ತೊಗರಿ ತುಂಬಿಕೊಂಡು ಬಂದ ಲಾರಿಗಳೂ ಅಲ್ಲೇ ನಿಂತಿದ್ದವು. ಸೆಲ್ ಹೊಸವು, ಟಾಕಿ ತುಂಬಿದೆ, ಗೀಸರ್ ಭಗ್ಗೆಂದು ಹೊತ್ತಿತು. ಮೊದಲು ನಾನೇ ಸ್ನಾನ ಮಾಡಿ ಪರೀಕ್ಷಿಸಿದೆ. ಮೈಯಿಂದ ಹಬೆ ಏಳುತ್ತಿರುವಾಗಲೇ ಹೊರಗೆ ಬಂದದ್ದು ತಪ್ಪಾಯಿತು.

ಎದುರಿಗೆ ಹೆಗಲ ಮೇಲೆ ಟವೆಲ್ ಹಾಕಿಕೊಂಡ ಒಬ್ಬ ಡ್ರೈವರ್. "ಕಾಕಾ, ಮೂರು ದಿನ ಆತ್ರಿ ಜಳಕಾ ಮಾಡಿ. ಎರಡ ತಂಬಗಿ ನೀರ ಕೊಡ್ರಿ, ಪುಣ್ಯಾ ಬರ್ತೈತಿ."

ಇಂಥ ಮಾತಿಗೆ ಇಲ್ಲ ಎನ್ನಲು ನನಗೆ ಬರುವುದಿಲ್ಲ. ಹೆಂಡತಿ, ಅವ್ವ ಇಬ್ಬರೂ ಇನ್ನೂ ಏಳುವುದರಲ್ಲಿದ್ದರು. ಒಬ್ಬನೇ ಅಲ್ಲವೇ ಎಂದು ಒಳಗೆ ಬಿಟ್ಟೆ. ಅವನು ಹಾಡುತ್ತ ಸ್ನಾನ ಮಾಡಿದ. ಆ ಹಾಡು ಕೇಳಿ ಎರಡನೆಯವ ಬಂದ. ಮೂರನೆಯವ ಸಾಬೂನು ಸಮೇತ ಬಂದ. ಐದನೆಯವ ಹೊರಗೆ ಬರುವಾಗ ನಳದಿಂದ ಬರೀ ಗಾಳಿ ಬರುತ್ತಿತ್ತು.

ಅವ್ವ ತಾಮ್ರದ ಚೊಂಬು ಹಿಡಿದು, ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಕೊನೆಯವನು ತಲೆ ಒರೆಸಿಕೊಳ್ಳುತ್ತ ಅವರ ಎದುರಿಗೇ ಹೇಳಿದ:

"ಛಲೋ ಆತ್ರಿ ಕಾಕಾ. ಆದ್ರ ನೀರ ಇನ್ನೊಂಚೂರು ಕಾಯಬೇಕಿತ್ತು."

ಹೆಂಡತಿ ಎರಡು ಬೆರಳು ತೋರಿಸಿದಳು.

೩. ಮುದ್ದೇಬಿಹಾಳದ ಅರ್ಧ

ಹೊಟ್ಟಿನ ಮನೆ ಕಣ್ಣ ಮುಂದೆ ಬರತೊಡಗಿತು. ಝಳಕಿಗೆ ಹೋಗಿ ಇನ್ನೂ ದೊಡ್ಡ ಟಾಕಿ ಕೂಡಿಸಿ, ಪೈಪುಗಳನ್ನೂ ಹೊಸದಾಗಿ ಹಾಕಿಸಿದೆ. ನೆಟ್ಟಗೆ ಮುದ್ದೇಬಿಹಾಳದ ದಾರಿ ಹಿಡಿದೆವು. ಮುಂಜಾನೆ ಹೆಂಡತಿ ಬಚ್ಚಲಿಗೆ ಹೋದಳು. ಹೊರಗೆ ಗೀಸರ್ ಉರಿಯುತ್ತಿಲ್ಲ, ನಳದಲ್ಲಿ ತಣ್ಣೀರು. ಅಷ್ಟರಲ್ಲಿ ಪಾಯಖಾನೆಗೆ ಹೋಗಿದ್ದ ಅವ್ವ ನೀರು ಬಿಟ್ಟಳು. ಗೀಸರ್ ಭಗ್ಗೆಂದಿತು. ಪಾಯಖಾನೆಯ ಕಿಟಕಿಯಿಂದ ಬೆಳ್ಳಗೆ ಹಬೆ ಎದ್ದಿತು.

"ಬಿಸಿನೀರು ಅದ, ಬರಬಾರದ ಜಾಗಾದಾಗ ಬರಾಕತ್ತದ!" ಎಂದು ಅವ್ವ ಒಳಗಿಂದಲೇ ಕೂಗಿದಳು.

ಶಿಷ್ಯನಿಗೆ ಫೋನ್ ಮಾಡಿ ಚೆನ್ನಾಗಿ ಬೈದೆ. ಅವನು ಎಲ್ಲ ಕೇಳಿಸಿಕೊಂಡು, "ಎರಡು ಪೈಪು ಅದಲಬದಲ ಆಗ್ಯಾವ್ರಿ ಸರ. ನನಗ ವಿಜ್ಞಾನ ತಲಿಗಿ ಹತ್ತೂದಿಲ್ಲ ಅಂತ ಆಗs ಹೇಳಿದ್ನಿ. ನೀವs ಪಾಸ್ ಮಾಡಿದ್ರಿ" ಅಂದ.

ಗಾಡಿಯಲ್ಲಿ ಬಿಸಿನೀರು ಬಂದದ್ದಂತೂ ನಿಜ, ಹಾಗಾಗಿ ಇದನ್ನು ತಪ್ಪಿದ್ದೆಂದು ಹಿಡಿಯಬಾರದು ಎಂದು ನಾನು ವಾದ ಹೂಡಿದೆ. ಹೆಂಡತಿ ಯೋಚಿಸಿ, ಎರಡು ಬೆರಳು ನೆಟ್ಟಗೆ ಮಾಡಿ, ಮೂರನೆಯದನ್ನು ಅರ್ಧ ಮಡಚಿ ತೋರಿಸಿದಳು.

೪. ಬಾಗೇವಾಡಿಯ ನೀರು ತುಂಬುವ ಹಬ್ಬ

ದೀಪಾವಳಿಗೆ ಬಸವನ ಬಾಗೇವಾಡಿಯ ಆಚೆ ಒಂದು ಜೋಳದ ಹೊಲದ ಬದಿಗೆ ನಿಂತಿದ್ದೆವು. ಮರುದಿನ ನಸುಕಿನಲ್ಲಿ ಎಣ್ಣೆಸ್ನಾನ. ಬಿಸಿನೀರು ತಪ್ಪಿತೆಂದರೆ ಗಾಡಿಯ ಆಯುಷ್ಯ ಮುಗಿಯಿತು. ಆ ಗಾಡಿ ನನಗೆ ಮಗುವಿನ ಹಾಗೆ. ಸೆಲ್, ಸಿಲಿಂಡರ್, ಟಾಕಿ, ಪೈಪು ಎಲ್ಲವನ್ನೂ ಎರಡೆರಡು ಸಲ ನೋಡಿ ಮಲಗಿದೆ.

ನಸುಕಿನಲ್ಲಿ ಹೆಂಡತಿ ನನಗೆ ತಲೆಯಿಂದ ಪಾದದವರೆಗೆ ಎಣ್ಣೆ ಹಚ್ಚಿ ಆರತಿ ಮಾಡಿದಳು. ಅವಳೂ ಅವ್ವನೂ ಎಣ್ಣೆ ಹಚ್ಚಿಕೊಂಡರು. ನಳ ತಿರುವಿದೆ. ಟಿಕ್ ಟಿಕ್ ಎಂದಿತೇ ಹೊರತು ಉರಿಯಲಿಲ್ಲ. ಟಾರ್ಚ್ ಹಿಡಿದು ಹೊರಗೆ ಹೋಗಿ ನೋಡುತ್ತೇನೆ: ಗೀಸರ್ ಮದುಮಗಳಾಗಿ ನಿಂತಿದೆ! ಮೈತುಂಬ ಸುಣ್ಣ-ಕೆಮ್ಮಣ್ಣಿನ ಪಟ್ಟೆ, ಕುಂಕುಮ, ಸುತ್ತಲೂ ಹಿಂಡಲಕಾಯಿ ಬಳ್ಳಿ. ಗಾಳಿಯಾಡುವ ತೂತುಗಳೆಲ್ಲ ಕೆಮ್ಮಣ್ಣಿನಿಂದ ಗಚ್ಚಾಗಿ ಮುಚ್ಚಿಹೋಗಿದ್ದವು.

"ನೀರು ತುಂಬೂ ಹಬ್ಬಕ್ಕ ಹಂಡೆಗೆ ಪೂಜಿ ಮಾಡಬೇಕಲ್ಲ? ಈ ಮನ್ಯಾಗ ಅದೇ ಹಂಡೆ. ನೀ ಮಲಗಿದ ಮ್ಯಾಲೆ ನಾನs ಮಾಡಿದೆ" ಅಂದಳು ಅವ್ವ.

ನಾನು ಚಾಕು ತೆಗೆದುಕೊಂಡೆ. ಅವ್ವ ಅಡ್ಡ ಬಂದಳು.

"ಪೂಜಿ ಆದ ಹಂಡೆ ಸ್ನಾನ ಆಗೋತನಕ ಕೆರೀಬಾರದು."

"ಕೆರೀದಿದ್ರ ಸ್ನಾನ ಆಗೂದಿಲ್ಲ ಅವ್ವಾ."

"ಅದು ನಿನ್ನ ವಿಜ್ಞಾನ. ಇದು ಹಬ್ಬ."

ಮೂವರೂ ಎಣ್ಣೆ ಸುರಿಸುತ್ತ ಚಳಿಯಲ್ಲಿ ನಿಂತೆವು. ನಮ್ಮ ಗಲಾಟೆ ಕೇಳಿ ಹೊಲದ ಯಜಮಾನರು ಕಂದೀಲು ಹಿಡಿದು ಬಂದರು. ನಮ್ಮನ್ನು ನೋಡಿ ನಗು ತಡೆದುಕೊಂಡು, "ಬರ್ರಿ ಸರ, ನಮ್ಮ ಹಂಡ್ಯಾಗ ನೀರು ಕುದ್ಯಾಕತ್ತೈತಿ" ಅಂದರು. ಜೋಳದ ನಡುವಿನ ಕಾಲುದಾರಿಯಲ್ಲಿ ಅವರ ಹಿಂದೆ ಸಾಲಾಗಿ ಹೋದೆವು. ಸೌದೆಯ ಉರಿಯ ಆ ನೀರಿನ ಸುಖ ಏನೆಂದು ಹೇಳಲಿ! ಮೈಯೆಲ್ಲ ಹಗುರಾಯಿತು. ಆದರೆ ವಾಪಸು ಬರುವಾಗ ಹೆಂಡತಿಯ ಕೈ ಮೇಲೇಳುವುದು ಕಂಡಿತು. ಅರ್ಧ ಮಡಚಿದ್ದ ಬೆರಳು ಪೂರ್ತಿ ನೆಟ್ಟಗಾಗುತ್ತಿತ್ತು.

ಅವ್ವ ಆ ಕೈ ಹಿಡಿದು ಕೆಳಗಿಳಿಸಿದಳು.

"ಇದನ್ನ ಹಿಡೀಬ್ಯಾಡವಾ. ಪೂಜಿ ಮಾಡಿಸಿಕೊಂಡದ್ದು ಅವತ್ತು ದುಡೀತದೇನು? ಆಯುಧಪೂಜಿ ದಿನಾ ಕುಡಗೋಲು ಮುಟ್ಟತಾರೇನು? ನೀರು ತಪ್ಪಿಲ್ಲ. ಗೀಸರ್‌ಗೆ ಇವತ್ತ ಸೂಟಿ."

ನನ್ನ ಗಾಡಿ ಉಳಿಯಿತು. ಅವ್ವನ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಹೆಂಡತಿ "ಹೌದ್ರಿ ಅತ್ತಿಯವರ, ಖರೇ ಅಂದ್ರಿ" ಎಂದು ಒಳಗೆ ಹೋದಳು. ಇಷ್ಟು ಸಲೀಸಾಗಿ ಒಪ್ಪಿದಳಲ್ಲ ಎಂದು ನನಗೇ ಆಶ್ಚರ್ಯ.

ಹಬ್ಬದ ಅಡುಗೆ ಎಲ್ಲಿಗೆ ಬಂತೆಂದು ಸ್ವಲ್ಪ ಹೊತ್ತಿನ ಮೇಲೆ ಇಣುಕಿ ನೋಡಿದೆ. ಗ್ಯಾಸ್ ಒಲೆಯ ಮೈತುಂಬ ಸುಣ್ಣ-ಕೆಮ್ಮಣ್ಣಿನ ಪಟ್ಟೆ, ಕುಂಕುಮ, ಮೇಲೊಂದು ಚೆಂಡು ಹೂವು. ಹೆಂಡತಿ ಹಾಸಿಗೆಯ ಮೇಲೆ ಕಾಲು ಚಾಚಿಕೊಂಡು ಅವ್ವನ ರೇಡಿಯೋ ಕೇಳುತ್ತಿದ್ದಳು.