ಮಾವನ ಪಂಚೆ ಮೇಲೇರಿದ ದಿನ

ಆ ಪಂಚೆ ಅಷ್ಟು ತೆಳ್ಳಗೆ ಇಲ್ಲದಿದ್ದರೆ ಕೊಂಡಪ್ಪ ಮೇಷ್ಟ್ರು ಆ ವರ್ಷದ ಮಹಾಲಯ ಅಮಾವಾಸ್ಯೆಯನ್ನು ಊರವರೆಲ್ಲರ ಹಾಗೆ ವಡೆ ತಿಂದು ಕಳೆದುಬಿಡುತ್ತಿದ್ದ. ಯುದ್ಧದ ಕಾಲ, ಬಟ್ಟೆಗೆ ಕಂಟ್ರೋಲು. ಹಿರಿಯರ ಎಡೆಗೆ ಇಡಬೇಕಾದ ಹೊಸ ಪಂಚೆಗಾಗಿ ಅವನ ಅತ್ತೆ ಮುನಿತಾಯಮ್ಮ ಮೂರು ತಿಂಗಳು ದೊಡ್ಡಬಳ್ಳಾಪುರದ ನೇಕಾರರ ಬೆನ್ನು ಹತ್ತಿ, ಕೊನೆಗೂ ಒಂದನ್ನು ಗಿಟ್ಟಿಸಿದ್ದರು. ಅಡ್ಡ ಹಿಡಿದರೆ ಆಚೆ ನಿಂತವನ ಮೀಸೆ ಎಣಿಸಬಹುದು, ಅಷ್ಟು ನಯ.

"ಪೆಟ್ಟಿಗೇಲಿ ಜೋಪಾನವಾಗಿಡಿ ಅಳಿಯಂದ್ರೇ. ಹಬ್ಬದ ದಿನ ನೀವೇ ತಂದು ಎಡೇಲಿಡಿ" ಎಂದು ಅದನ್ನು ಕೊಂಡಪ್ಪನ ಕೈಗೇ ಕೊಟ್ಟರು. ಅಲ್ಲಿಗೆ ಆಗಬಾರದ್ದು ಆಗಿಹೋಯಿತು.

ಕೊಂಡಪ್ಪ ಮನೆಅಳಿಯ. ಚನ್ನರಾಯಪಟ್ಟಣಕ್ಕೆ ಒಂದು ಹರಿದಾರಿ ದೂರದ ಆ ಊರಿನಲ್ಲಿ ಅವನದು ಅಂತ ಇದ್ದದ್ದು ಶಾಲೆಯ ಬೆತ್ತ, ಹೆಂಡತಿ ಗಂಗಲಕ್ಷ್ಮಮ್ಮ, ನಡುಮನೆಯ ಗೂಟದಲ್ಲಿ ತೂಗುತ್ತಿದ್ದ ಹಸಿರಂಚಿನ ದಪ್ಪ ಪಂಚೆ. ಶಾಲೆಗೆ ಇನ್ಸ್‌ಪೆಕ್ಟರ್ ಸಾಹೇಬರು ಬಂದ ದಿನ ಮಾತ್ರ ಅದು ಗೂಟ ಇಳಿಯುತ್ತಿತ್ತು. ಉಳಿದ ದಿನಗಳಲ್ಲಿ ಅವನು ಉಡುತ್ತಿದ್ದದ್ದು ಮಂಡಿಯ ಹತ್ತಿರ ಎರಡು ತೇಪೆಯ ತುಂಡು ಪಂಚೆ.

ಮಾವ ವೆಂಕಟರಾಯಪ್ಪ ಬದುಕಿದ್ದಷ್ಟು ದಿನವೂ ಅಳಿಯನನ್ನು ನಂಬಲಿಲ್ಲ. ಹೊಟ್ಟೆ ಮುಂದೆ, ತಾವು ಹಿಂದೆ ಎಂಬಂತೆ ನಡೆಯುತ್ತಿದ್ದ ಮನುಷ್ಯ. "ಮೇಷ್ಟ್ರ ಕೈಗೆ ಕೊಡಾದೂ ಒಂದೇ, ಕೆರೆಗೆ ಎಸೆಯಾದೂ ಒಂದೇ" ಎಂದು ಅಡಕತ್ತರಿಯಲ್ಲಿ ಕಟಕ್ಕನೆ ಅಡಕೆ ಕತ್ತರಿಸುತ್ತಿದ್ದರು. ಹೋದ ಮಾಘದಲ್ಲಿ ತೀರಿಕೊಂಡರು. ಇದು ಅವರಿಗೆ ಇಡುವ ಮೊದಲ ಎಡೆ. ಮೊದಲ ಎಡೆಯಲ್ಲಿ ಪಂಚೆ ಇಲ್ಲದಿದ್ದರೆ ಹಿರಿಯರು ಮುನಿದು ಹೋಗುತ್ತಾರೆ, ಆಮೇಲೆ ಆ ಮನೆಯಲ್ಲಿ ಅಳಿಯನಿಗೆ ಅನ್ನ ಹುಟ್ಟುವುದಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಅವನು ಆ ಪಂಚೆಗೆ ಕೈಹಾಕಿದ್ದು ಬೆಲೂನಿನ ಹುಚ್ಚಿನಿಂದ. ಅವನ ತಾತ ಹೊಸಕೋಟೆಯಿಂದ ಗಾಡಿ ಕಟ್ಟಿಕೊಂಡು ಬೆಂಗಳೂರಿಗೆ ಹೋಗಿ, ಮೈದಾನದಲ್ಲಿ ಒಬ್ಬ ದೊರೆ ಹೊಗೆ ತುಂಬಿದ ಚೀಲಕ್ಕೆ ಜೋತುಬಿದ್ದು ಮೋಡದ ತನಕ ಹೋದದ್ದನ್ನೂ, ಅಲ್ಲಿಂದ ಕೊಡೆ ಹಿಡಿದು ಇಳಿದದ್ದನ್ನೂ ಕಣ್ಣಾರೆ ಕಂಡಿದ್ದ. ಆ ಕತೆ ಕೇಳಿಯೇ ಕೊಂಡಪ್ಪ ಬೆಳೆದದ್ದು. ಕಾಗದ ಮಾಡುವ ಅಣ್ಣತಮ್ಮಂದಿರು ಫ್ರಾನ್ಸ್ ದೇಶದಲ್ಲಿ ಬೆಲೂನು ಕಟ್ಟಿ ಕುರಿ, ಕೋಳಿ, ಬಾತುಕೋಳಿಗಳನ್ನು ಆಕಾಶಕ್ಕೆ ಕಳಿಸಿದರು ಎಂದು ಮಕ್ಕಳಿಗೆ ವರ್ಷವರ್ಷವೂ ಹೇಳುತ್ತಿದ್ದ. ಆ ಕಾಲದಲ್ಲೇ ಇನ್ನೊಂದು ಬೆಲೂನು ಒಂದು ಹಳ್ಳಿಯ ಹತ್ತಿರ ಬಿದ್ದಾಗ ಅಲ್ಲಿನ ರೈತರು ಭೂತವೆಂದು ಕವೆಗೋಲಿನಿಂದ ತಿವಿದರಂತೆ. "ಎಂಥಾ ಮುಠ್ಠಾಳರು ನೋಡ್ರೋ" ಎಂದು ನಗುತ್ತಿದ್ದ.

ಅವನೂ ಗಾಳಿಪಟದ ಕಾಗದದಲ್ಲಿ ಮೂರು ಸಲ ಬೆಲೂನು ಮಾಡಿದ್ದ, ಮೂರೂ ಹೊತ್ತಿಕೊಂಡು ಉರಿದಿದ್ದವು. ಬೆಂಕಿಯ ಹತ್ತಿರದ ಭಾಗಕ್ಕೆ ಬಟ್ಟೆಯೇ ಆಗಬೇಕು, ಅದೂ ಹಗುರವಾದ ಬಟ್ಟೆ. ಪಂಚೆಗೆ ಕತ್ತರಿ ಹಾಕದೆ ಮೇಲಿನ ಕಾಗದಕ್ಕೆ ದೊಡ್ಡ ಹೊಲಿಗೆಯಲ್ಲಿ ಸೇರಿಸಿ, ಒಂದು ಸಲ ಹಾರಿಸಿ, ಹೊಲಿಗೆ ಬಿಚ್ಚಿ ಮಧ್ಯಾಹ್ನದೊಳಗೆ ಮಡಿಸಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡ.

ಅಮಾವಾಸ್ಯೆಯ ಬೆಳಗ್ಗೆ ಕೆರೆ ಏರಿಯ ಮೇಲೆ ಮಂಜು ಹಾಲಿನ ಕೆನೆಯಂತೆ ಕಟ್ಟಿತ್ತು. ತಂತಿಯಲ್ಲಿ ಸಿಕ್ಕಿಸಿದ ಹೊಂಗೆ ಎಣ್ಣೆಯ ಬತ್ತಿ ಹೊತ್ತಿಸಿದ. ನೆಲದ ಮೇಲೆ ಮುದುರಿ ಬಿದ್ದಿದ್ದ ಬಿಳಿ ಪಂಚೆ ಉಸಿರೆಳೆದುಕೊಂಡಿತು, ಹೊಟ್ಟೆ ಬಂತು, ಆಮೇಲೆ ಯಾರೋ ಕುಳಿತಲ್ಲಿಂದ ಮೈಮುರಿದು ಏಳುವಂತೆ ಎದ್ದು ನಿಂತಿತು. ಕೊಂಡಪ್ಪನ ಬೆನ್ನು ಒಂದು ಗಳಿಗೆ ತಣ್ಣಗಾಯಿತು. ಆದರೆ ಅದು ನೆಲ ಬಿಟ್ಟು ಮೇಲೇರಿ, ಕಟ್ಟಿದ್ದ ದಾರ ಕೈಯನ್ನು ಜಗ್ಗಿದಾಗ ಹೆದರಿಕೆ ಎಲ್ಲಿ ಹೋಯಿತೋ. ನಲವತ್ತರ ಗಂಡಸು ಒಬ್ಬನೇ ನಗುತ್ತ, ಕಣ್ಣು ಒರೆಸಿಕೊಳ್ಳುತ್ತ ನಿಂತಿದ್ದ. ಅಷ್ಟು ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ.

ಕಣ್ಣು ಒರೆಸುವಾಗಲೇ ದಾರ ಕೈ ಜಾರಿತು. ಮಂಜು ಅದನ್ನು ನುಂಗಿಕೊಂಡಿತು.

ಗಾಳಿ ಬೀಸಿದ ಕಡೆಗೆ ಓಡಿದವನಿಗೆ ಮೊದಲು ಸಿಕ್ಕಿದ್ದು ಪಕ್ಕದ ಹೊಲದ ಆವಲಪ್ಪ. ಬಾವಿಯ ಕಟ್ಟೆಗೆ ಒರಗಿ ಕೈ ಮುಗಿದುಕೊಂಡು ನಿಂತಿದ್ದ.

"ಮೇಷ್ಟ್ರೇ, ನಿಮ್ ಮಾವ್ನೋರು ಬಂದವ್ರೆ."

"ಎಲ್ಲಿ ಕಂಡೆ?" ಕೊಂಡಪ್ಪನಿಗೆ ಹೋದ ಜೀವ ಬಂದಂತಾಯಿತು.

"ಕಾಲ್ವೆ ಮ್ಯಾಲೆ. ಬೆಳ್ಳಗೆ, ದುಂಡಗೆ, ಅದೇ ಹೊಟ್ಟೆ. ಕಾಲು ಕಾಣ್ಲಿಲ್ಲ. ನಿಂತ್ಕಂಡು ನೋಡುದ್ರು. ಈ ಸಲ ಮೊದಲ ನೀರು ಆವಲಪ್ಪನ ಹೊಲಕ್ಕೇ ಬಿಡ್ಲಿ ಅಂದಂಗಾಯ್ತು."

ಬೆಲೂನು ನೀರಿನ ಸರದಿ ಮಾತಾಡುವುದಿಲ್ಲ ಎಂದು ಕೊಂಡಪ್ಪನಿಗೆ ಗೊತ್ತಿತ್ತು. ಸತ್ತವರ ಬಾಯಲ್ಲಿ ಬದುಕಿದ್ದವರ ಆಸೆ ಎಂದು ಒಳಗೇ ನಕ್ಕು ಕಾಲುವೆಯ ಗುಂಟ ಹೋದ. ಅಲ್ಲಿ ಏನೂ ಇರಲಿಲ್ಲ.

ಊರೊಳಗೆ ಅಶ್ವತ್ಥಮ್ಮ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದಳು.

"ನಮ್ ಜಗಲಿ ಮುಂದೇನೇ ನಿಂತಿದ್ರು ಕಣಪ್ಪ. ದಿನಾ ಈ ಹೊತ್ಗೆ ಮಜ್ಜಿಗೆ ಕುಡಿಯೋಕೆ ಬತ್ತಿದ್ರಲ್ಲ, ಹಂಗೇಯ. ನಾನು ತಲೆ ಎತ್ಲಿಲ್ಲ. ಚೊಂಬು ಇಟ್ಟು ಒಳಕ್ಕೋದೆ. ವಾಪಸ್ ಬಂದು ನೋಡುದ್ರೆ ಪೂರಾ ಖಾಲಿ."

"ಬೆಕ್ಕು ಕುಡಿದಿರ್ತದೆ ಬಿಡಮ್ಮ."

"ಬೆಕ್ಕು ಕುಡುದು ಚೊಂಬು ಬೋರಲು ಹಾಕ್ತದಾ?"

ಚೊಂಬು ಬೋರಲಾಗಿತ್ತು. ಮಾವ ಕುಡಿದಾದ ಮೇಲೆ ಹಾಗೇ ಇಡುತ್ತಿದ್ದರು. ಕೊಂಡಪ್ಪ ಅದನ್ನು ನೋಡಿಯೂ ನೋಡದವನಂತೆ ಮುಂದೆ ಹೋದ.

ಅರಳಿಕಟ್ಟೆಯಲ್ಲಿ ಮುದುಕ ಅಪ್ಪಯ್ಯಣ್ಣ ಕುಳಿತಿದ್ದ. ಅವನಿಗೆ ಕಣ್ಣು ಕಾಣುತ್ತಿರಲಿಲ್ಲ.

"ನೀನು ಹುಡುಕೋದು ಯಾರ್ನ ಅಂತ ಗೊತ್ತು" ಎಂದ. "ಈಗ್ತಾನೆ ಪಕ್ಕದಲ್ಲಿ ಕೂತಿದ್ದ. ಕಟಕ್, ಕಟಕ್ ಅಂತ ಅಡಕೆ ಕತ್ತರಿಸ್ತಿದ್ದ. ಮೇಷ್ಟ್ರು ಇನ್ನೂ ನಮ್ಮನೇಲೇ ಅವ್ನಾ ಅಂತ ಕೇಳ್ದ. ಹೂಂ ಅಂದೆ."

ಮುದುಕನಿಗೆ ಅರಳುಮರಳು ಎಂದುಕೊಂಡ ಕೊಂಡಪ್ಪ. ಆದರೆ ಅವನಿಗೆ ಒಂದು ವಿಷಯ ಆಗ ಹೊಳೆಯಿತು. ಗಾಳಿ ಬೆಳಗ್ಗೆಯಿಂದ ಮೂಡಲಿಗೆ ಬೀಸುತ್ತಿತ್ತು, ಅರಳಿಕಟ್ಟೆ ಇದ್ದದ್ದು ಪಡುವಲಿಗೆ. ಕಾಲುವೆ, ಮಜ್ಜಿಗೆ, ಅರಳಿಕಟ್ಟೆ, ಮನೆ. ಮಾವ ಬದುಕಿದ್ದಾಗ ದಿನಾ ಸುತ್ತುತ್ತಿದ್ದ ದಾರಿ ಅದು.

ಸಂಜೆ ಸಮೀಪಿಸಿತು. ಮನೆಗೆ ಬಂದು ಹೋದಾಗ ಗೂಟದ ಹಸಿರಂಚಿನ ಪಂಚೆ ಕಣ್ಣಿಗೆ ಬಿತ್ತು. ಅದನ್ನೇ ಇಟ್ಟು, ಆದದ್ದನ್ನು ಅತ್ತೆಗೆ ಹೇಳಿಬಿಟ್ಟರೆ ಹೇಗೆ ಎಂದು ಒಂದು ಕ್ಷಣ ಯೋಚಿಸಿದ. ನಾಳೆ ಇನ್ಸ್‌ಪೆಕ್ಟರ್ ಸಾಹೇಬರು ಬರುವವರಿದ್ದರು. ಸತ್ತ ಮಾವನಿಗಿಂತ ಬದುಕಿರುವ ಸಾಹೇಬರು ದೊಡ್ಡವರು ಎಂದು ತೀರ್ಮಾನಿಸಿ ಅದನ್ನು ಮುಟ್ಟಲಿಲ್ಲ.

ಕೊನೆಯ ಆಸೆಯಿಂದ ಕೆರೆ ಏರಿಗೆ ಹೋದಾಗ ಬೇಲಿಯ ಮುಳ್ಳಿಗೆ ದಾರದ ತುದಿ ಸಿಕ್ಕಿಕೊಂಡಿದ್ದು ಕಂಡಿತು. ಹಿಡಿದು ಎಳೆಯುತ್ತ ಇಳಿದ. ಇಪ್ಪತ್ತು ಮಾರು ಕೂಡ ಇರಲಿಲ್ಲ, ಏರಿಯ ಬುಡದ ಜೊಂಡಿನಲ್ಲಿ ಬೆಲೂನು ಬಿದ್ದಿತ್ತು. ಮೇಲಿನ ಕಾಗದ ಕರಗಿಹೋಗಿತ್ತು. ಪಂಚೆಯ ನಡುವೆ ಅಂಗೈಯಗಲ ಸುಟ್ಟ ತೂತು. ಅದರ ಮೇಲೆ ಜೇಡ ಆಗಲೇ ಬಲೆ ನೇಯ್ದು ಮುಗಿಸಿತ್ತು. ಮೇಲೆದ್ದ ಗಳಿಗೆಯಲ್ಲೇ ಬಿದ್ದ ಬೆಲೂನು ಇಡೀ ದಿನ ಅಲ್ಲಿಂದ ಕದಲಿರಲಿಲ್ಲ.

ಹಾಗಾದರೆ ಊರು ಸುತ್ತಿದ್ದು ಯಾರು? ಪಂಚೆ ಬಾಚಿಕೊಂಡು, ಹಿಂದೆ ತಿರುಗಿ ನೋಡದೆ ಏರಿ ಹತ್ತಿದ.

ದೀಪ ಹಚ್ಚುವ ಹೊತ್ತಿಗೆ ನಡುಮನೆಯಲ್ಲಿ ಎಡೆ ಸಿದ್ಧವಾಯಿತು. ಬಾಳೆಲೆಯ ಮೇಲೆ ಮುದ್ದೆ, ಸಾರು, ವಡೆ, ಎಲೆಯಡಿಕೆ. ಒಲೆಯ ಮುಂದೆ ಕದ್ದು ಒಣಗಿಸಿದ ಪಂಚೆಯನ್ನು ಕೊಂಡಪ್ಪ ತೂತು ಒಳಗಾಗುವಂತೆ ಮಡಿಸಿ, ಮೇಲೆ ಹೂವು ಸುರಿದು ಇಟ್ಟ. ಹೊಂಗೆ ಎಣ್ಣೆಯ ವಾಸನೆ ಸಾಂಬ್ರಾಣಿಯಲ್ಲಿ ಮುಚ್ಚಿಹೋಯಿತು. ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಹಾಕಿಕೊಂಡು ಎಲ್ಲರೂ ಜಗಲಿಯಲ್ಲಿ ನಿಂತರು. ಆವಲಪ್ಪ, ಅಶ್ವತ್ಥಮ್ಮ ಕೂಡ ಕರೆಯದೆ ಬಂದು ಸೇರಿಕೊಂಡರು. ಆ ಮನೆಗೆ ಬೇರೆ ಬಾಗಿಲಿರಲಿಲ್ಲ.

ಒಳಗಿನಿಂದ ಸದ್ದು ಬಂತು. ಕಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಕಟಕ್. ಮುನಿತಾಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತರು.

ಬಾಗಿಲು ತೆಗೆದಾಗ ಹೂವೆಲ್ಲ ಒಂದು ಪಕ್ಕಕ್ಕೆ ಸರಿದಿತ್ತು. ಪಂಚೆ ಬೇರೆ ರೀತಿಯಲ್ಲಿ, ಬಹಳ ಅಚ್ಚುಕಟ್ಟಾಗಿ ಮಡಿಸಿಟ್ಟಂತಿತ್ತು. ಸುಟ್ಟ ತೂತು ನಟ್ಟನಡುವೆ, ಎಲ್ಲರಿಗೂ ಕಾಣುವಂತೆ ಮೇಲಿತ್ತು.

ಕೊಂಡಪ್ಪ ಇನ್ನು ಕಾಲಿಗೆ ಬೀಳುವುದೇ ಸರಿ ಎಂದು ಬಗ್ಗಿದ. ಅಷ್ಟರಲ್ಲಿ ಮುನಿತಾಯಮ್ಮನೇ ಪಂಚೆಯನ್ನು ಕಣ್ಣಿಗೊತ್ತಿಕೊಂಡರು. "ಚುಟ್ಟ ಸೇದಿ ಸುಟ್ಕಂಡವ್ರೆ. ಬದುಕಿದ್ದಾಗ್ಲೂ ಹಿಂಗೇ. ಬಂದಿದ್ರು ಕಣ್ರಮ್ಮ, ನಿಜವಾಗ್ಲೂ ಬಂದಿದ್ರು."

ಕೊಂಡಪ್ಪನಿಗೆ ಉಸಿರು ಬಂತು. ಬೀಸುವ ದೊಣ್ಣೆ ತಪ್ಪಿತು ಎಂದುಕೊಳ್ಳುವಷ್ಟರಲ್ಲಿ ಗಂಗಲಕ್ಷ್ಮಮ್ಮ ಕೇಳಿದಳು: "ಏನ್ರೀ, ಗೂಟದಲ್ಲಿದ್ದ ನಿಮ್ ಪಂಚೆ ಎಲ್ಲಿ?"

ಗೂಟ ಬರಿದಾಗಿತ್ತು.

"ಅಳಿಯಂದ್ರದ್ದು ಉಟ್ಕಂಡು, ತಮ್ಮದು ಬಿಟ್ಟೋಗವ್ರೆ" ಎಂದರು ಮುನಿತಾಯಮ್ಮ, ಮುಖ ತುಂಬ ಸಂತೋಷದಿಂದ. "ಎಷ್ಟು ಪ್ರೀತಿ ನೋಡಿ ನಿಮ್ ಮ್ಯಾಲೆ. ಎಡೆ ಬಟ್ಟೆ ಮರುದಿನ ಉಡ್ಲೇಬೇಕು. ನಾಳೆ ಸ್ಕೂಲಿಗೆ ಇದನ್ನೇ ಉಟ್ಕಂಡೋಗಿ."

ಮರುದಿನ ಬೆಳಗ್ಗೆ ಕೊಂಡಪ್ಪ ತೂತಿನ ಮೇಲೆ ಹಾಜರಿ ಪುಸ್ತಕ ಅಡ್ಡ ಹಿಡಿದುಕೊಂಡು ಕೆರೆ ಏರಿಯ ಮೇಲೆ ಹೊರಟ. ಹಿಂದಿನಿಂದ ಗಾಳಿ ನುಗ್ಗಿ ಪಂಚೆ ಬುರ್ರೆಂದು ಉಬ್ಬಿಕೊಂಡಿತು. ಶಾಲೆಯ ಕಡೆಯಿಂದ ಸಾಹೇಬರ ಜಟಕಾದ ಗೆಜ್ಜೆ ಕೇಳಿಸುತ್ತಿತ್ತು. ಆಗ ಎದುರಿನ ಮಂಜಿನಲ್ಲಿ ಯಾರೋ ನಿಧಾನವಾಗಿ ಏರಿ ದಾಟಿದರು. ಮೊದಲು ಹೊಟ್ಟೆ ಹೋಯಿತು, ಅದರ ಹಿಂದೆ ಹಸಿರಂಚು.