ಕುಂಟು ಜಟಕಾ ಕುದುರೆ ನಮ್ಮ ಮನೆ ಸೇರಿದ್ದು

ಬರೆದು ಅಭ್ಯಾಸವಿಲ್ಲ, ಕೆಟ್ಟದಾಗಿ ಹೇಳಿದರೆ ಕ್ಷಮಿಸಬೇಕು. ಕುದುರೆ ಬಂದ ಮೇಲೆ ನಮ್ಮ ಮನೆಯಲ್ಲಿ ದಿನಕ್ಕೊಂದು ಫಜೀತಿ ನಡೆಯುತ್ತಲೇ ಇದೆ. ಯಾವ ಕುದುರೆ ಎಂದು ಮೊದಲು ಹೇಳಬೇಕು. ಯುದ್ಧ ಮುಗಿದು ಬಸ್ಸುಗಳು ಹೆಚ್ಚಿದವು, ದೇವನಹಳ್ಳಿಯ ಒಬ್ಬ ಮುದುಕ ಸಾಹೇಬರು ಜಟಕಾ ಹೊಡೆಯುವುದನ್ನು ಬಿಟ್ಟರು. ಅವರ ಕುದುರೆಗೆ ಒಂದು ಕಾಲು ಕುಂಟು. ಎಲ್ಲರೂ ಬೇಡವೆಂದರು. ಕೆರೆಯಂಗಳದಲ್ಲಿ ಬಿಟ್ಟುಬರಲು ಅವರು ಅಳುತ್ತಾ ಹೊರಟಿದ್ದರು. ನನಗೆ ತಡೆಯಲಾಗಲಿಲ್ಲ, ಕೇಳಿ ಪಡೆದೆ. ದುಡಿಸುವುದಕ್ಕಲ್ಲ, ಸಾಕುವುದಕ್ಕೆ.

೧. ಹೊರಡದ ಕುದುರೆ

ಹಗ್ಗ ಹಿಡಿದು ಎಳೆದೆ. ಜಟಕಾಗಳು ನಿಲ್ಲುವ ಜಾಗದಿಂದ ಅದು ಅಲ್ಲಾಡಲಿಲ್ಲ. ಪಕ್ಕದ ಜಟಕಾದವನು ನಕ್ಕ: “ಏನಪ್ಪಾ, ನಾಲ್ಕು ಜನ ತುಂಬದೆ ಅದು ಯಾವತ್ತು ಹೊರಟಿದೆ?”

ಸಂತೆ ಮುಗಿಸಿದ ನಮ್ಮೂರು ಆವತಿಯವರು ಮೂವರು ಸಿಕ್ಕರು. ನನ್ನನ್ನೂ ಸೇರಿಸಿ ನಾಲ್ವರಾದೆವು. ಅದರ ಹಿಂದೆ ಒತ್ತಾಗಿ ನಿಂತು “ಹೂಂ, ಹೊರಡು!” ಎಂದೆವು. ಹೊರಟಿತು! ಒಬ್ಬರು ಬೀಡಿ ಹಚ್ಚಲು ಹಿಂದುಳಿದರೆ ಅದೂ ನಿಲ್ಲುತ್ತಿತ್ತು. ಹೀಗೇ ಐದು ಮೈಲಿ ನಡೆದೆವು. ಊರು ಮುಟ್ಟಿದಾಗ ಆ ಮೂವರಲ್ಲಿ ಒಬ್ಬರು ಬೆವರೊರೆಸಿಕೊಂಡು ಹೇಳಿದರು: “ಜಟಕಾದಲ್ಲಿ ಬಂದೆ ಅಂತ ಮನೇಲಿ ನಾನ್ ಹೇಳ್ತೀನಿ. ಕಾಲು ಯಾಕೆ ಊದಿದೆ ಅಂತ ನೀನ್ ಬಂದು ಹೇಳು.”

೨. ತಿನ್ನದ ಕುದುರೆ

ಇದು ನಗುವ ವಿಷಯವಲ್ಲ, ಆಮೇಲೆ ಆಯಿತು. ಹುರುಳಿ ಬೇಯಿಸಿಟ್ಟರೆ ಎರಡು ದಿನ ಮೂಸಿಯೂ ನೋಡಲಿಲ್ಲ. ಮೂರನೆಯ ದಿನ ಅದರ ಕಾಲು ನಡುಗತೊಡಗಿತು. “ಉಪವಾಸ ಸಾಯ್ಲಿ ಅಂತ ಕರ್ಕೊಂಡ್ ಬಂದ್ಯೇನೋ?” ಎಂದು ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಓಡಿಹೋಗಿ ಸಾಹೇಬರನ್ನು ಕರೆತಂದೆ.

“ಹಿಂದೆ ಗಾಡೀಲಿ ಜನ ಜಾಗಕ್ಕೆ ಕಿತ್ತಾಡ್ತಿರ್ತಾರೆ, ಇದು ಮುಂದೆ ಹುರುಳಿ ಚೀಲದಲ್ಲಿ ಮುಖ ಇಟ್ಟು ತಿಂತಿರ್ತದೆ. ಹನ್ನೆರಡು ವರ್ಷ ಹೀಗೇ ಸ್ವಾಮಿ,” ಎಂದರು ಅವರು. “ಗಲಾಟೆ ನಿಂತ್ರೆ ಹೊರಡೋ ಹೊತ್ತಾಯ್ತು ಅಂತ ಬಾಯಿ ನಿಲ್ಲಿಸ್ತದೆ.”

ಇಲ್ಲಿ ಒಂದು ಮಾತು ತಿಳಿಸಬೇಕು. ಅಮ್ಮನೂ ನನ್ನ ಹೆಂಡತಿಯೂ ಆರು ತಿಂಗಳಿಂದ ಮಾತು ಬಿಟ್ಟಿದ್ದರು. ಉಪ್ಪು ಬೇಕಾದರೂ ನನ್ನ ಮೂಲಕವೇ ಕೇಳುತ್ತಿದ್ದರು. ಅಮ್ಮ ಒಂದು ಸಲ ಕುದುರೆಯನ್ನು ನೋಡಿದರು, ಒಂದು ಸಲ ಸೊಸೆಯನ್ನು ನೋಡಿದರು.

“ಏಯ್, ಆಚೆ ಸರ್ಕೊಳ್ಳೇ! ನನ್ನ ಕಾಲು ಎಲ್ಲಿ ಇಡ್ಲಿ?”

ಹೆಂಡತಿ ಬೆಚ್ಚಿದಳು. ಆಮೇಲೆ ಅವಳೂ ದನಿ ಎತ್ತಿದಳು: “ಮೊದಲು ಹತ್ತಿದ್ದು ನಾನು ಅತ್ತೆ! ನಿಮ್ಮ ಗಂಟು ನೀವೇ ಮಡಿಲಲ್ಲಿ ಇಟ್ಕೊಳ್ಳಿ!”

ಕುದುರೆ ಕಿವಿ ನಿಮಿರಿಸಿತು. ಸಾಹೇಬರು ಕತ್ತಿಗೆ ಕಟ್ಟಿದ್ದ ಚೀಲಕ್ಕೆ ಮುಖ ಹಾಕಿತು.

೩. ರಾಜಿ ಮಾಡಿಸಲು ಬಂದವರು

ದಿನಕ್ಕೆರಡು ಹೊತ್ತು ಈ ಜಗಳ ಕೇಳಿ ಬೀದಿಯ ಹಿರಿಯರೊಬ್ಬರು ಬಂದರು. “ಸೊಸೇನ ಹೀಗಾ ಅನ್ನೋದು? ನಿಲ್ಸಮ್ಮಾ!” ಅಮ್ಮ ನಿಲ್ಲಿಸಿದರು. ಕುದುರೆಯೂ ತಿನ್ನುವುದನ್ನು ನಿಲ್ಲಿಸಿತು. ಹೆಂಡತಿ ಗಾಬರಿಯಾಗಿ ಕೂಗಿದಳು: “ಇನ್ನೂ ಅರ್ಧ ಚೀಲ ಇದೆ, ಬಯ್ಯಿರಿ ಅತ್ತೆ, ಬಯ್ಯಿರಿ!”

ಆ ಕುದುರೆಗೆ ನಾನು ಎಷ್ಟು ಋಣಿ ಎಂದು ಹೇಳಲಾರೆ. ಚೀಲ ಖಾಲಿಯಾದ ಮೇಲೆ ಅತ್ತೆ ಸೊಸೆ ಜಗುಲಿಯಲ್ಲಿ ಕೂತು ನಗುತ್ತಾರೆ. ಉಪ್ಪನ್ನೂ ನೇರವಾಗಿ ಕೇಳುತ್ತಾರೆ. ಇದು ಹೇಗಾಯಿತೆಂದು ಸರಿಯಾಗಿ ವಿವರಿಸಬೇಕಾದರೆ, ಮೊದಲು, ಕುದುರೆ ಬರುವುದಕ್ಕೆ ಆರು ತಿಂಗಳ ಹಿಂದೆ ಒಂದು ದಿನ—

ಅಮ್ಮ ಕೊಟ್ಟಿಗೆಯಿಂದ ಕೂಗುತ್ತಿದ್ದಾರೆ: “ಲೇ, ಬರೆದಿದ್ದು ಸಾಕು, ಬಾರೋ! ಚೀಲ ಕಟ್ಟಾಯ್ತು. ನಿನ್ನ ಹೆಂಡ್ತಿ ತವರಿಗೆ ಹೋಗವ್ಳೆ, ನಾನೊಬ್ಳೇ ಯಾರ ಹತ್ರ ಜಗಳ ಆಡ್ಲಿ?”